ಚುಕ್ಕೆಗಣ್ಣು ತೋರಿಸಿದ ಗುರು

ಎಳ್ಳಿನ ಕಾಳಿಗಿಂತ ಚಿಕ್ಕದಾದ, ಬೆಳೆಯ ಕೀಟಗಳನ್ನು ತಿಂದು ಬದುಕುವ ಬೇಟೆಗಾರ ತಿಗಣೆಗಳನ್ನು ಗುರುತಿಸುವ ವಿದ್ಯೆಯಲ್ಲಿ ನಮ್ಮ ಸಂಸ್ಥೆಗೆ ಹೆಸರು ತಂದವರು, ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈಗ ನಿವೃತ್ತರಾಗುತ್ತಿರುವ ನನ್ನ ಗುರುಗಳು. ಬೆಳೆಗಾರರು ಅವರನ್ನು ಕರೆಯುವುದು ‘ಭೂತಗನ್ನಡಿ ಮೇಡಂ’ ಎಂದೇ. ಆ ಹೆಸರಿಗೆ ಅವರು ಯಾವ ಪದವಿಗೂ ಕೊಡದ ಮರ್ಯಾದೆ ಕೊಟ್ಟಿದ್ದಾರೆ.

ನಾನು ಅವರ ಬಳಿ ಸೇರಿದ ಎರಡನೆಯ ವರ್ಷದ ಮಾತು. ದೊಣ್ಣೆ ಮೆಣಸಿನಕಾಯಿ ಬೆಳೆಯುವ ಹಸಿರುಮನೆಯ ಒಡತಿಯೊಬ್ಬರು ಹೂವಿನೊಳಗೆ ಸಿಕ್ಕ ಕಂದು ಕೀಟಗಳನ್ನು ಸೀಸೆಯಲ್ಲಿ ತಂದುಕೊಟ್ಟರು. ನಾನು ರೆಕ್ಕೆಯನ್ನಷ್ಟೇ ನೋಡಿ, ಇದು ಗಿಡದ ರಸ ಹೀರುವ ತಿಗಣೆ, ಔಷಧಿ ಸಿಂಪಡಿಸಬಹುದು ಎಂದು ವರದಿ ಬರೆದೆ. ಪ್ರಯಾಣದ ಆತುರದಲ್ಲಿದ್ದ ಮೇಡಂ ನನ್ನನ್ನು ನಂಬಿ ಸಹಿ ಹಾಕಿದರು. ಮೂರೇ ವಾರದಲ್ಲಿ, ಔಷಧಿ ಬಿದ್ದ ಹಸಿರುಮನೆಯಲ್ಲಿ, ಹೂವಿನ ರಸ ಹೀರುವ ಥ್ರಿಪ್ಸ್ ನುಸಿ ಮಿತಿಮೀರಿ ಹೂವೆಲ್ಲ ಉದುರಿತು.

ಸುದ್ದಿ ಬಂದ ಕೂಡಲೇ ಮೇಡಂ ಆ ಸೀಸೆ ತರಿಸಿ, ಒಂದು ಕೀಟದ ತಲೆಯನ್ನು ಕುಂಚದಿಂದ ಮೆಲ್ಲನೆ ಒರೆಸಿ, ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು. ದೊಡ್ಡ ಕಣ್ಣುಗಳ ನಡುವೆ, ನೆತ್ತಿಯ ಮೇಲೆ, ಎರಡು ಚುಕ್ಕೆಗಣ್ಣುಗಳು ಹೊಳೆಯುತ್ತಿದ್ದವು. ನಾನು ಹೆಸರಿಸಿದ್ದ ತಿಗಣೆಗೆ ಅವು ಇರುವುದಿಲ್ಲ. ನುಸಿಯನ್ನು ಹೀರಿ ಬೆಳೆ ಕಾಯುತ್ತಿದ್ದ ಬೇಟೆಗಾರನನ್ನೇ ನಾವು ಕೊಲ್ಲಿಸಿದ್ದೆವು. ನಾನೇ ಹೋಗಿ ತಪ್ಪು ಒಪ್ಪಿಕೊಳ್ಳುವೆನೆಂದೆ.

“ಕೂತ್ಕೋ. ಸಹಿ ನಂದು, ತಪ್ಪೂ ನಂದೇ,” ಎಂದರು. “ನೀನೂ ಬಾ. ಆದ್ರೆ ಮಾತಾಡೋದು ನಾನು.”

ಬೆಳೆಗಾರರ ಸಭೆಯಲ್ಲಿ ಅವರು ನನ್ನ ಹೆಸರೆತ್ತದೆ ತಪ್ಪೊಪ್ಪಿಕೊಂಡರು. ಒಡತಿ, ಆ ಹುಳ ತಮ್ಮ ಕೈಗೂ ಕಚ್ಚುತ್ತದಲ್ಲ, ಅದನ್ನು ನಂಬುವುದು ಹೇಗೆಂದು ಕೇಳಿದರು.

“ಕಚ್ಚುತ್ತಮ್ಮ,” ಎಂದರು ಮೇಡಂ, “ಆದ್ರೂ ಅದು ನಮ್ಮ ಕಡೆಯದು.”

ಸಭೆ ನಕ್ಕಿತು, ಒಡತಿಯೂ ನಕ್ಕರು. ಸಿಂಪಡಿಸದೆ ಉಳಿದಿದ್ದ ಪಕ್ಕದ ಹಸಿರುಮನೆಯಿಂದ ತಿಗಣೆಗಳನ್ನು ಹಿಡಿದು, ವಾರಕ್ಕೆರಡು ಸಲ ನಾವಿಬ್ಬರೇ ತಂದು ಬಿಟ್ಟೆವು. ನುಸಿ ಇಳಿಯಿತು, ಎಂಟನೆಯ ವಾರಕ್ಕೆ ಹೊಸ ಹೂವು ಕಾಯಿ ಕಚ್ಚಿತು.

ಆ ವರ್ಷ ವಿಭಾಗದ ಮುಖ್ಯಸ್ಥರ ಹುದ್ದೆಗೆ ಅವರ ಹೆಸರೇ ಮುಂದಿತ್ತು. ಈ ತಪ್ಪೊಪ್ಪಿಗೆಯಿಂದಾಗಿ ಅದು ನಾಲ್ಕು ವರ್ಷ ತಡವಾಯಿತು. ನನಗಿದು ತಿಳಿದದ್ದು ಬೇರೆಯವರ ಬಾಯಿಂದ. ಅವರಾಗಿ ಇಂದಿಗೂ ಆ ಮಾತು ಆಡಿಲ್ಲ.

ಮುಖ್ಯಸ್ಥರಾದ ಮೇಲೂ ಬೆಳಗಿನ ಮೊದಲ ಗಂಟೆ ವಿದ್ಯಾರ್ಥಿಗಳಿಗೇ ಮೀಸಲಾಗಿತ್ತು. ಈಗ ಅವರು ಮರಿತಿಗಣೆಗಳನ್ನು ಗುರುತಿಸುವ ಕೈಪಿಡಿಗೆ ಕೈಹಚ್ಚಿದ್ದಾರೆ. ಮುಗಿಸಲು ಹತ್ತು ವರ್ಷ ಬೇಕೆನ್ನುತ್ತಾರೆ. ಶಿಷ್ಯರಾದ ನಾವು ಅವರಿಗೆ ಆರೋಗ್ಯವನ್ನೂ ತೀಕ್ಷ್ಣ ದೃಷ್ಟಿಯನ್ನೂ ಹಾರೈಸುತ್ತ, ಸ್ವಲ್ಪ ಸ್ವಾರ್ಥದಿಂದಲೇ, ಆ ಕೆಲಸಕ್ಕೆ ಇಪ್ಪತ್ತು ವರ್ಷ ಹಿಡಿಯಲೆಂದು ಬೇಡಿಕೊಳ್ಳುತ್ತೇವೆ.