ತಾಂಡೂರಿನ ಗೋದಾಮಿನಲ್ಲಿ ಹಿಡಿದ ಸುರ

ದೆವ್ವ, ಪ್ರೇತ, ಗಾಳಿ ಸೋಕುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಂಬಿಕೊಂಡು ಬಂದವನು ನಾನು. ಒಮ್ಮೆ ಕಂಗ್ಟಿ ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೆರೆ ಏರಿಯ ಮೇಲೆ ಬಿಳಿ ಸೀರೆಯ ಹೆಂಗಸನ್ನು ಕಂಡ ಕಥೆ ಹೇಳುತ್ತಿದ್ದರು. ಅವಳ ಕಾಲಲ್ಲಿ ಚಪ್ಪಲಿ ಇತ್ತೇ ಎಂದು ಕೇಳಿಬಿಟ್ಟೆ. ಅವರು ಇಳಿಯುವ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ. ಈಗ ನಾನು ಹೇಳುವುದನ್ನು ಓದಿ ನೀವೂ ಅಂಥದ್ದೇ ಏನಾದರೂ ಕೇಳಬಹುದು. ಕೇಳಿ, ಬೇಜಾರಿಲ್ಲ. ನನ್ನ ಹತ್ತಿರ ಉತ್ತರವಿಲ್ಲ, ಅಷ್ಟೆ.

ನಾನು ಜಹೀರಾಬಾದಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಮದುವೆ ಆಗಲಿಲ್ಲ. ಮೇಲ್ಮಹಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ಡ್ಯೂಟಿ ಮುಗಿದ ಮೇಲೆ ನಾನು ಮಾಡುವ ಕೆಲಸ ಈ ಊರಿನಲ್ಲಿ ಯಾರಿಗೂ ಅರ್ಥವಾಗದು. ಜಂಗಲ್ ಎಂಬ ಸಂಗೀತ ಮಾಡುತ್ತೇನೆ. 'ಜಂಗಲ್ ಅಂದ್ರ ಹುಲಿ, ನರಿ ಆವಾಜೇನ್ರಿ?' ಎಂದು ಮನೆ ಮಾಲೀಕರು ಕೇಳಿದ್ದರು. ಹುಲಿಯೂ ಇಲ್ಲ, ನರಿಯೂ ಇಲ್ಲ. ತೊಂಬತ್ತರ ದಶಕದಲ್ಲಿ ಲಂಡನ್ನಿನ ಹುಡುಗರು ಹಳೆಯ ರೆಕಾರ್ಡುಗಳ ಡ್ರಮ್ಮಿನ ಸದ್ದನ್ನು ತುಂಡು ತುಂಡು ಮಾಡಿ, ಮತ್ತೆ ಜೋಡಿಸಿ, ಏದುಸಿರು ಬರುವ ಹಾಗೆ ಓಡಿಸಿ ಕಟ್ಟಿದ ಸಂಗೀತ ಅದು. ಆದರೆ ನನ್ನನ್ನು ಹಿಡಿದದ್ದು ಆ ಓಟವಲ್ಲ. ಅದರ ಅಡಿಯಲ್ಲಿ ಒಂದು ಮಬ್ಬಾದ, ಉದ್ದನೆಯ ಸ್ವರ ಹರಡಿಕೊಂಡಿರುತ್ತದೆ. ಅದಕ್ಕೆ ಪ್ಯಾಡ್ ಎನ್ನುತ್ತಾರೆ. ಬಸ್ಸು ಎಷ್ಟು ಜೋರಾಗಿ ಓಡಿದರೂ ಕಿಟಕಿಯಾಚೆಯ ದೂರದ ಹೊಲ ನಿಧಾನವಾಗಿಯೇ ತಿರುಗುತ್ತದಲ್ಲ, ಹಾಗೆ.

ಇದು ಅರ್ಥವಾದ ಇನ್ನೊಬ್ಬ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ ಇದ್ದ. ಅವನು ನಾರಾಯಣಖೇಡದ ಶಿವರಾಜ. ಕರೆಂಟ್ ಆಫೀಸಿನಲ್ಲಿ ಗುಮಾಸ್ತ, ನನಗಿಂತ ಚಿಕ್ಕವನು. ಅವರದು ತಲೆಮಾರುಗಳಿಂದ ಭಜನೆ ಮಾಡುವ ಲಿಂಗಾಯತರ ಮನೆ, ಇವನು ಹಾರ್ಮೋನಿಯಂ ಹಿಡಿಯುತ್ತಿದ್ದ. ಮದುವೆಗಳಲ್ಲಿ ಬಾರಿಸುತ್ತಿದ್ದ ಒಂದು ಆರ್ಕೆಸ್ಟ್ರಾ ಪಾರ್ಟಿ ಮುರಿದುಹೋದಾಗ ಅವರ ಹಳೆಯ ಕೀಬೋರ್ಡನ್ನು ನಾವಿಬ್ಬರೂ ಸೇರಿ ಕೊಂಡೆವು. ರವಿವಾರ ಅವನು ಜಹೀರಾಬಾದಿಗೆ ಬರುತ್ತಿದ್ದ, ಇಲ್ಲವೇ ನಾನು ಖೇಡಕ್ಕೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೊಹೀರಿನ ಪೇರಲ ಹಣ್ಣು ಕೊಂಡು ಬಂದು, ತಿನ್ನುತ್ತ, ಕಿತ್ತಾಡುತ್ತ ಕೂಡುತ್ತಿದ್ದೆವು. ಡ್ರಮ್ಮು ಕತ್ತರಿಸುವುದು ನನ್ನ ಕೆಲಸ, ಪ್ಯಾಡು ಅವನದು.

ಹಳೆಯ ಕಾಲದ ಪ್ಯಾಡು ಮಾಡುವುದರಲ್ಲಿ ಗುಟ್ಟೇನೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ತೆಗೆದುಕೊಂಡು ಒಂದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಇಡಬೇಕು. ಕೀಬೋರ್ಡಿನ ಕೀಲಿ ಒತ್ತಿದ ಕೂಡಲೇ ಬಾರದೆ ಮೆಲ್ಲಗೆ ಏರಬೇಕು, ಬಿಟ್ಟ ಕೂಡಲೇ ನಿಲ್ಲದೆ ಮೆಲ್ಲಗೆ ಇಳಿಯಬೇಕು. ಆಮೇಲೆ ಕ್ಯಾಸೆಟ್ಟಿಗೆ ಇಳಿಸಿ, ಅಲ್ಲಿಂದ ಕಂಪ್ಯೂಟರಿಗೆ ಏರಿಸಿದರೆ ಹಳೆಯ ಮಬ್ಬು ತಾನಾಗಿ ಬರುತ್ತದೆ. ಶಿವರಾಜ ಇದಕ್ಕೆ ಸೇರಿಸುತ್ತಿದ್ದದ್ದು ತನ್ನ ಎಡಗೈಯನ್ನು ಮಾತ್ರ. ಸ್ವರದ ಹೊಳಪು ಹೆಚ್ಚಿಸುವ ಒಂದು ಗುಂಡಿ ಇದೆ. ಅದನ್ನು ಕಂದೀಲಿನ ಬತ್ತಿ ಏರಿಸುವಷ್ಟು ನಿಧಾನವಾಗಿ ತಿರುಗಿಸುತ್ತಿದ್ದ. ನಾನು ತಿರುಗಿಸಿದರೆ ಬಾಗಿಲು ತೆರೆದ ಹಾಗೆ ಕೇಳಿಸುತ್ತಿತ್ತು, ಅವನು ತಿರುಗಿಸಿದರೆ ಬೆಳಗಾದ ಹಾಗೆ.

ಅವನದೊಂದು ವಿಚಿತ್ರ ಅಭ್ಯಾಸವೂ ಇತ್ತು. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಸಾವಾದರೆ ದೇಹವನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಎದುರಿಗೆ ಭಜನೆ ನಡೆಯುತ್ತದೆ. ದೇಹ ಹೊಸ್ತಿಲು ದಾಟುವ ತನಕ ಹಾರ್ಮೋನಿಯಂನ ಸುರ ನಿಲ್ಲಬಾರದು ಎನ್ನುವುದು ಅವರ ಮನೆಯ ಮೇಳದ ರಿವಾಜು. ಒಬ್ಬರ ಕೈ ಸೋತರೆ ಇನ್ನೊಬ್ಬರು ಪಕ್ಕದಲ್ಲಿ ಬಂದು ಕೂತು, ಅದೇ ಕೀಲಿಯ ಮೇಲೆ ಬೆರಳಿಟ್ಟು, ಗಾಳಿ ಒತ್ತುವ ತಿದಿಗೆ ಕೈ ಹಚ್ಚಿದ ಮೇಲೆಯೇ ಮೊದಲಿನವರು ಏಳುತ್ತಾರೆ. ಇದಕ್ಕೆ ಅವರು ಕೈ ತೊಗೊಳ್ಳೋದು ಎನ್ನುತ್ತಾರೆ. ಈ ಮಾರಾಯ ಅದನ್ನು ನಮ್ಮ ಕೀಬೋರ್ಡಿಗೂ ತಂದಿದ್ದ. ಅವನು ನೀರು ಕುಡಿಯಲು ಎದ್ದರೂ ನಾನು ಬಂದು ಕೀಲಿ ಹಿಡಿಯಬೇಕು. ಇದೇನು ಹಾರ್ಮೋನಿಯಂ ಅಲ್ಲ, ಬಿಡು ಎಂದು ನಾನು ನಕ್ಕರೆ, 'ಕೈ ಖಾಲಿ ಬಿಡಬ್ಯಾಡಣ್ಣಾ. ಒಬ್ರು ತೊಗೊಂಡ ಮ್ಯಾಲೇ ಬಿಡಬೇಕು' ಎನ್ನುತ್ತಿದ್ದ.

ಕೊರೊನಾದ ಎರಡನೆಯ ಅಲೆಯಲ್ಲಿ ಅವನು ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಯವರೇ ಮಣ್ಣು ಮಾಡಿದರು. ಊರಿಗೆ ತರಲಿಲ್ಲ, ಕೂಡಿಸಲಿಲ್ಲ, ಭಜನೆಯಾಗಲಿಲ್ಲ. ಅಷ್ಟೊಂದು ಸಾವಿನ ಮನೆಗಳಲ್ಲಿ ಸುರ ಹಿಡಿದವನಿಗೆ ಯಾರೂ ಸುರ ಹಿಡಿಯಲಿಲ್ಲ. ನಾನು ಈ ಕೋಣೆಯಲ್ಲಿ ಫೋನು ಹಿಡಿದು ಕೂತಿದ್ದೆ, ಆ ದಿನಗಳಲ್ಲಿ ಎಲ್ಲರೂ ಕೂತಿದ್ದ ಹಾಗೆ.

ಬಸ್ಸುಗಳು ಮತ್ತೆ ಸರಿಯಾಗಿ ಓಡತೊಡಗಿದ ಮೇಲೆ ಅವನ ಹೆಂಡತಿ ಮಹಾದೇವಿ ಕೀಬೋರ್ಡನ್ನು ಹಳೆಯ ರಗ್ಗಿನಲ್ಲಿ ಸುತ್ತಿ ನನಗೆ ಕಳಿಸಿಕೊಟ್ಟಳು. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನಮ್ಮಿಬ್ಬರ ಒಂದು ತುಣುಕು ಅರ್ಧಕ್ಕೆ ನಿಂತಿತ್ತು. ಡ್ರಮ್ಮು ಸಿದ್ಧವಾಗಿತ್ತು, ಅದಕ್ಕೆಂದು ಅವನು ಮಾಡಿಟ್ಟ ಪ್ಯಾಡು ಕೀಬೋರ್ಡಿನ ನೆನಪಿನಲ್ಲಿತ್ತು. ಮುಂದಿನ ರವಿವಾರ ರೆಕಾರ್ಡ್ ಮಾಡುವುದೆಂದು ಮಾತಾಗಿತ್ತು. ಅದನ್ನು ಮುಗಿಸಿದರೆ ಅವನನ್ನು ನೆಟ್ಟಗೆ ಕಳಿಸಿಕೊಟ್ಟ ಹಾಗಾಗುತ್ತದೆ ಎಂದುಕೊಂಡಿದ್ದೆ. ಸ್ವಿಚ್ ಹಾಕಿದೆ. ಈ ಹಳೆಯ ಯಂತ್ರಗಳ ನೆನಪು ಒಳಗಿನ ಒಂದು ಪುಟ್ಟ ಬ್ಯಾಟರಿಯ ಮೇಲೆ ನಿಂತಿರುತ್ತದೆ. ಆ ಬ್ಯಾಟರಿ ಸತ್ತುಹೋಗಿತ್ತು. ಅವನು ಮಾಡಿಟ್ಟಿದ್ದ ಒಂದು ಧ್ವನಿಯೂ ಉಳಿದಿರಲಿಲ್ಲ. ಆವತ್ತು ನಾನು ಅತ್ತೆ. ಸುದ್ದಿ ಬಂದ ದಿನ ಬಾರದಿದ್ದ ಅಳು ಆವತ್ತು ಬಂತು.

ಹೊಸ ಬ್ಯಾಟರಿ ಹಾಕಿ ಆ ಪ್ಯಾಡನ್ನು ಮೊದಲಿನಿಂದ ಕಟ್ಟಲು ಕೂತೆ. ತಿಂಗಳುಗಟ್ಟಲೆ ಕೂತೆ. ಎಲ್ಲ ಸರಿ ಇತ್ತು, ಆದರೆ ಅವನದಾಗಿರಲಿಲ್ಲ. ನನ್ನದು ಆತುರದ ಕೈ, ಗುಂಡಿಯ ಮೇಲೆ ನಿಲ್ಲುವುದಿಲ್ಲ. ಕಡೆಗೆ ನನ್ನ ಕೈಯನ್ನೇ ಬಿಟ್ಟುಬಿಡೋಣ, ಒಂದು ದೊಡ್ಡ ಖಾಲಿ ಜಾಗದ ಗುಂಯ್‌ಗುಡುವ ಪ್ರತಿಧ್ವನಿಗೆ ಈ ಕೆಲಸ ಒಪ್ಪಿಸೋಣ ಎಂದು ತೀರ್ಮಾನಿಸಿದೆ. ಹಿಂದಿನವರೂ ಹೀಗೆ ಮಾಡುತ್ತಿದ್ದರು. ಸ್ಪೀಕರಿನಲ್ಲಿ ಸ್ವರ ಬಿಟ್ಟು, ಗೋಡೆಗಳಿಂದ ತಿರುಗಿ ಬಂದದ್ದನ್ನು ಮೈಕಿನಲ್ಲಿ ಹಿಡಿಯುವುದು.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ಭಾವನಿಗೆ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕವಿತ್ತು. ಅದು ಮುಚ್ಚಿ ಗೋದಾಮು ಖಾಲಿ ಬಿದ್ದಿತ್ತು. ಗೋಡೆ, ನೆಲ ಎಲ್ಲ ಕಲ್ಲು, ಮೇಲೆ ತಗಡು. ಕೀಲಿಕೈ ಇಸಿದುಕೊಂಡು ಒಂದು ರವಿವಾರ ಕೀಬೋರ್ಡು, ಸ್ಪೀಕರು, ಮೈಕು, ಟೇಪ್ ರೆಕಾರ್ಡರು ಹೊತ್ತುಕೊಂಡು ಬಸ್ಸಿನಲ್ಲಿ ಹೋದೆ. ಗೇಟಿನಲ್ಲಿ ಕಾವಲಿಗಿದ್ದ ಅಂಜಮ್ಮ ಎಂಬ ಹೆಂಗಸು ಸಾಮಾನು ಒಳಗಿಡಲು ಕೈ ಹಚ್ಚಿದಳು.

ಅಂಥ ಜಾಗದಲ್ಲಿ ಕೆಮ್ಮಿದರೂ ಟೇಪಿನಲ್ಲಿ ಕೇಳುತ್ತದೆ. ಆದ್ದರಿಂದ ಮನುಷ್ಯ ಒಳಗಿರುವ ಹಾಗಿಲ್ಲ. ಬಾಗಿಲ ಬಳಿಯ ರಾಶಿಯಿಂದ ಪಾಲಿಶ್ ಆದ ಮೂರು ಕಲ್ಲಿನ ಚೂರು ಆರಿಸಿ, ಮೂರು ಕೀಲಿಗಳ ಮೇಲೆ ಭಾರವಾಗಿ ಇಟ್ಟೆ. ಹೊಳಪಿನ ಗುಂಡಿಯನ್ನು ಪೂರ್ತಿ ಇಳಿಸಿದೆ. ಸ್ವರ ಮೆಲ್ಲಗೆ ಏರಿ ಗೋದಾಮು ತುಂಬಿತು. ಟೇಪು ಶುರು ಮಾಡಿ, ಹೊರಗೆ ಬಂದು, ಗಾಳಿಗೆ ಬಾಗಿಲು ಬಡಿಯದಿರಲೆಂದು ಬೀಗ ಹಾಕಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡೆ. ಮಟಮಟ ಮಧ್ಯಾಹ್ನ. ಎದುರಿನ ಬೇವಿನ ಮರದ ಕೆಳಗೆ ಕೂತೆ. ಅಂಜಮ್ಮ ಬಾಗಿಲ ಪಕ್ಕದ ನೆರಳಿನಲ್ಲಿ ಅಕ್ಕಿ ಆರಿಸುತ್ತಿದ್ದಳು.

ತಗಡಿನ ಮೂಲಕ ಸ್ವರ ಸಣ್ಣಗೆ ಕೇಳಿಸುತ್ತಿತ್ತು. ಕ್ಯಾಸೆಟ್ಟಿನ ಒಂದು ಬದಿ ಅರ್ಧವಾಗಿರಬೇಕು, ಸ್ವರ ಹೊಳಪೇರುತ್ತ ತೆರೆದುಕೊಳ್ಳತೊಡಗಿತು. ಮೊದಲು ಗಮನಕ್ಕೇ ಬರಲಿಲ್ಲ, ಅಷ್ಟು ನಿಧಾನ. ಬಂದಾಗ ಎದ್ದು ನಿಂತೆ. ತಿಂಗಳುಗಟ್ಟಲೆ ಹುಡುಕಿದ್ದು ಅದೇ. ಬಿಸಿಲಿಗೆ ಹಳೆಯ ಯಂತ್ರ ಕಾದು ಹೀಗಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಹೋದರೆ ರೆಕಾರ್ಡಿಂಗು ಕೆಡುತ್ತದೆ ಎಂದು ಮತ್ತೆ ಕೂತೆ.

ಟೇಪು ಮುಗಿಯುವಷ್ಟು ಹೊತ್ತಾದ ಮೇಲೆ ಬೀಗ ತೆಗೆದು ಒಳಗೆ ಹೋದೆ. ಟೇಪು ನಿಂತಿತ್ತು, ಸ್ವರ ನಿಂತಿರಲಿಲ್ಲ. ಮೂರು ಕಲ್ಲುಗಳೂ ಕೀಲಿಗಳ ಮೇಲಿರಲಿಲ್ಲ. ಅವು ಕೀಬೋರ್ಡಿನ ಮೇಲ್ಗಡೆ, ಬಟ್ಟಲು ತೊಳೆದು ಇಟ್ಟ ಹಾಗೆ, ಒಂದರ ಪಕ್ಕ ಒಂದು ಇದ್ದವು. ಗುಂಡಿ ಮುಕ್ಕಾಲು ತಿರುಗಿತ್ತು. ಮೂರು ಕೀಲಿಗಳು ತಮ್ಮಷ್ಟಕ್ಕೆ ತಗ್ಗಿಯೇ ಇದ್ದವು.

ಹೆದರಿಕೆ ಆಯಿತೇ ಎಂದು ನೀವು ಕೇಳುತ್ತೀರಿ. ಆಗಲಿಲ್ಲ. ಏನು ಮಾಡಬೇಕೆಂಬುದು ಕೈಗೆ ಗೊತ್ತಿತ್ತು. ಪಕ್ಕದಲ್ಲಿ ಕೂತು ಮೂರು ಕೀಲಿಗಳ ಮೇಲೂ ಬೆರಳಿಟ್ಟೆ. ಮೊದಲು ಬೆರಳಿಗೆ ಏನೂ ತಾಗಲಿಲ್ಲ, ತಗ್ಗಿದ ಕೀಲಿ ತಗ್ಗಿಯೇ ಇತ್ತು. ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಕೀಲಿಯ ಸ್ಪ್ರಿಂಗು ಕೆಳಗಿನಿಂದ ನನ್ನ ಬೆರಳನ್ನು ಮೇಲಕ್ಕೆ ಒತ್ತಿತು. ಭಾರ ನನ್ನ ಕೈಗೆ ಬಂದಿತ್ತು.

ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ಮಣಿಕಟ್ಟು ನೋಯತೊಡಗಿತು. ಬಿಟ್ಟರೆ ಅವನು ಹೋಗಿಬಿಡುತ್ತಾನೆ ಎಂಬ ಒಂದೇ ಮಾತು ತಲೆಯಲ್ಲಿತ್ತು. ಪಕ್ಕದಲ್ಲಿ ಯಾರಾದರೂ ಬಂದು ಕೂಡಲಿ ಎಂದು ಕಾದೆ. ಆ ದೊಡ್ಡ ಗೋದಾಮಿನಲ್ಲಿ ನನ್ನ ಪಕ್ಕದ ನೆಲ ಖಾಲಿ ಇತ್ತು. ಇಷ್ಟು ವರ್ಷ ಒಬ್ಬನೇ ಇದ್ದವನಿಗೆ ಒಬ್ಬನೇ ಇರುವುದು ಎಂದರೆ ಏನೆಂದು ಆಗ ತಿಳಿಯಿತು. ಬಿಸಿಲು ವಾಲಿ ಗವಾಕ್ಷಿಯಿಂದ ಬಂದ ಬೆಳಕು ಗೋಡೆ ಏರಿದಾಗ ಬೆರಳು ಎತ್ತಿದೆ. ಸ್ವರ ಮೆಲ್ಲಗೆ ಇಳಿಯಿತು, ಗೋಡೆಯ ಕಲ್ಲುಗಳಲ್ಲಿ ಸ್ವಲ್ಪ ಹೊತ್ತು ಇತ್ತು, ಮುಗಿಯಿತು.

ಹೊರಗೆ ಬಂದು, ಒಳಗೆ ಯಾರಾದರೂ ಹೋಗಿದ್ದರೇ ಎಂದು ಅಂಜಮ್ಮನನ್ನು ಕೇಳಿದೆ. 'ಯಾರು ಬರ್ತಾರ್ರಿ ಸಾರ್? ಬೀಗ ಹಾಕಿದ್ದು ನೀವು, ಕೀಲಿ ನಿಮ್ ಜೇಬಿನಾಗ ಅದ. ನಾ ಇಲ್ಲಿಂದ ಎದ್ದೇ ಇಲ್ಲ' ಎಂದಳು. ಆ ಗೋದಾಮಿಗೆ ಬೇರೆ ಬಾಗಿಲಿಲ್ಲ, ಇದ್ದ ಗವಾಕ್ಷಿಗಳಿಗೆ ತಂತಿಯ ಜಾಳಿಗೆ ಬಡಿದಿತ್ತು. ಕಲ್ಲಿನ ಪುಡಿ ಸಿಕ್ಕಿ ಕೀಲಿಗಳು ಹಿಡಿದುಕೊಂಡವೇನೋ ಎಂದು ಆಮೇಲೆ ಕೀಬೋರ್ಡು ಬಿಚ್ಚಿ ನೋಡಿದೆ. ಪುಡಿ ಇತ್ತು, ಕೀಲಿಗಳು ಸಲೀಸಾಗಿ ಆಡುತ್ತಿದ್ದವು. ಸ್ಪೀಕರಿನ ನಡುಕಕ್ಕೆ ಕಲ್ಲು ಜಾರಿದವು ಎನ್ನೋಣವೆಂದರೆ ಜಾರಿದ್ದು ನೆಲಕ್ಕೆ ಬೀಳಬೇಕು, ಮೇಲಕ್ಕೆ ಹತ್ತಬಾರದು. ನಾನೇ ಎಲ್ಲ ಮಾಡಿ ಮರೆತೆನೇ? ದುಃಖದಲ್ಲಿದ್ದವನ ತಲೆಯನ್ನು ನಂಬಲಾಗದು, ಒಪ್ಪುತ್ತೇನೆ. ಆದರೆ ಟೇಪನ್ನು ಎಷ್ಟು ಸಲ ಕೇಳಿದರೂ ಅದರಲ್ಲಿ ಹೆಜ್ಜೆಯ ಸಪ್ಪಳವಿಲ್ಲ, ಕಲ್ಲು ತಾಗಿದ ಸಪ್ಪಳವಿಲ್ಲ. ಸ್ವರ ಮಾತ್ರ ಬೆಳಗಾದ ಹಾಗೆ ತೆರೆದುಕೊಳ್ಳುತ್ತದೆ.

ಆ ಪ್ಯಾಡನ್ನು ಹಾಕಿ ತುಣುಕು ಮುಗಿಸಿ, ಇಬ್ಬರ ಹೆಸರಿನಲ್ಲೂ ಇಂಟರ್‌ನೆಟ್ಟಿಗೆ ಬಿಟ್ಟೆ. ಯಾವುದೋ ದೇಶದವನೊಬ್ಬ, ಇದನ್ನು ಹೇಗೆ ಮಾಡಿದಿರಿ, ಗುಂಡಿಗಳನ್ನು ಎಲ್ಲೆಲ್ಲಿ ಇಟ್ಟಿದ್ದಿರಿ ಎಂದು ಕೇಳಿ ಬರೆದ. ಗುಂಡಿ ಮುಕ್ಕಾಲು ತಿರುಗಿತ್ತು ಎಂದಷ್ಟೇ ಬರೆದೆ.

ಮಹಾದೇವಿಗೆ ಕೇಳಿಸಲೇಬೇಕೆಂದು ಖೇಡಕ್ಕೆ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಫೋನನ್ನು ಕಿವಿಗೆ ಹಿಡಿದು ಕೇಳಿದಳು. ಡ್ರಮ್ಮು ಶುರುವಾದಾಗ ಸ್ವಲ್ಪ ನಕ್ಕಳು. ಮುಗಿದ ಮೇಲೆ ನಾನು ಇದನ್ನೆಲ್ಲ, ನಿಮಗೆ ಹೇಳಿದ ಹಾಗೆಯೇ, ಹೇಳಿದೆ. ನಂಬಿದಳೋ ಬಿಟ್ಟಳೋ ಗೊತ್ತಿಲ್ಲ. ಬೀಗದ ಬಗ್ಗೆ ಕೇಳಲಿಲ್ಲ, ಕಲ್ಲಿನ ಬಗ್ಗೆಯೂ ಕೇಳಲಿಲ್ಲ.

'ನಿಮ್ಮ ಕೈಯಿಂದ ಯಾರು ತೊಗೊಂಡ್ರು ಅಣ್ಣಾ?' ಎಂದಳು.

'ಯಾರೂ ಇರ್ಲಿಲ್ಲವ್ವಾ. ನಾನೇ ಬಿಟ್ಟೆ.'

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. 'ನನಗೊಂದು ಫೋನ್ ಹಚ್ಚಬೇಕಿತ್ತಲ್ರಿ. ನಾ ಬರ್ತಿದ್ದೆ.'

ಗೋದಾಮಿನಲ್ಲಿ ಆ ಮಧ್ಯಾಹ್ನ ಏನಾಯಿತು ಎಂಬುದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಮಹಾದೇವಿಯ ಆ ಮಾತಿಗೂ ಇಲ್ಲ.