ರುಡೊಲ್ಫ್ ತನ್ನದೆಂದ ಚಿತ್ರ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿದ್ದ ಪ್ರಿಂಟಿಂಗ್ ಅಂಗಡಿಯಲ್ಲಿ ಶಿರ್ವದ ರುಡೊಲ್ಫನಿಗೆ ಕೆಲಸ ಸಿಕ್ಕಿದ್ದೇ ಒಂದು ಚಿತ್ರದ ಬಲದಿಂದ. ಮರಳಿನಲ್ಲಿ ಅರ್ಧ ಹೂತ ಆಕಾಶನೌಕೆ, ಅದರ ನೆರಳಲ್ಲಿ ಬಟ್ಟೆ ಒಣಹಾಕುತ್ತಿರುವ ಹೆಂಗಸು. ಮಾಲೀಕ ಆನ್ಸೆಲ್ಮ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದರು. ಮುಂಬಯಿಯ ರದ್ದಿ ಅಂಗಡಿಯಲ್ಲಿ ಸಿಕ್ಕ, ಹೊದಿಕೆ ಹರಿದ ಫ್ರೆಂಚ್ ಕಾಮಿಕ್ಸ್‌ನಿಂದ ಅದನ್ನು ಗೆರೆಗೆರೆ ನಕಲಿಳಿಸಿದ್ದೆಂದು ರುಡೊಲ್ಫ್ ಹೆಂಡತಿ ವೆಲಿಟಾಗೂ ಹೇಳಿರಲಿಲ್ಲ. ಮೂಲ ಚಿತ್ರಕಾರ ಯಾರೆಂದು ಅವನಿಗೂ ತಿಳಿದಿರಲಿಲ್ಲ.

ಹದಿನಾರು ವರ್ಷ ಕಳೆದು, ೨೦೧೪ರಲ್ಲಿ ತಿಳಿಯಿತು. ಗಾಸ್ಪಾರ್ ತರೊಲ್ ಎಂಬ ಹಿರಿಯ ಫ್ರೆಂಚ್ ಚಿತ್ರಕಾರರ ಪ್ರದರ್ಶನಕ್ಕೆ ಫಲಕಗಳನ್ನು ಮುದ್ರಿಸುವ ಕೆಲಸ ಅಂಗಡಿಗೆ ಬಂತು. ಅಕ್ಷರ ಜೋಡಿಸುತ್ತ ರುಡೊಲ್ಫ್ ಅವರ ಬದುಕನ್ನು ಓದಿದ. ಬಸ್ ಡ್ರೈವರನ ಮಗ. ಹನ್ನೊಂದು ವರ್ಷ ಬೇರೆಯವರ ಕಥೆಗಳಿಗೆ ಹಿನ್ನೆಲೆ ಬಿಡಿಸಿದವರು, ಎಲ್ಲೂ ಹೆಸರಿಲ್ಲದೆ. ನಲವತ್ತರ ಹೊಸ್ತಿಲಲ್ಲಿ ಸ್ವಂತ ಹೆಸರಿನ ಮೊದಲ ಪುಸ್ತಕ. ಅದರ ಪುಟ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಅವನು ತಲೆಯೆತ್ತಿ ಗೋಡೆಯತ್ತ ನೋಡಿದ. ಅದೇ ನೌಕೆ, ಅದೇ ಹೆಂಗಸು.

ಗೋಡೆಯ ಚಿತ್ರ ತೆಗೆದರೆ ಆನ್ಸೆಲ್ಮ್ ಕಾರಣ ಕೇಳುತ್ತಾರೆಂದು ಸುಮ್ಮನಿದ್ದ. ಮರುದಿನ ಫಲಕಗಳ ಬಣ್ಣ ಸರಿಯಿದೆಯೇ ನೋಡಲು ತರೊಲ್ ಸ್ವತಃ ಬಂದರು. ಕಣ್ಣು ಗೋಡೆಯ ಮೇಲೆ ನಿಂತಿತು.

"ನಮ್ಮ ರುಡೊಲ್ಫ್ ಬಿಡಿಸಿದ್ದು, ಸರ್," ಎಂದು ಆನ್ಸೆಲ್ಮ್ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದರು.

ತರೊಲ್ ಅವನತ್ತ ತಿರುಗಿದರು. "ಈ ಹೆಂಗಸು ಯಾರು?"

"ಯಾರೂ ಅಲ್ಲ ಸರ್. ಸುಮ್ಮನೆ ಕಲ್ಪನೆ."

"ನನ್ನ ಅಮ್ಮನ ಹಾಗೆಯೇ ಇದ್ದಾಳೆ," ಎಂದ ತರೊಲ್ ಮತ್ತೇನೂ ಕೇಳದೆ ಬಣ್ಣದ ಹಾಳೆಗಳತ್ತ ಬಗ್ಗಿದರು.

ರುಡೊಲ್ಫನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಸಂಜೆ ವೆಲಿಟಾಗೆ ಎಲ್ಲವನ್ನೂ ಹೇಳಿದ.

"ನೀವು ಬಿಡಿಸಿದ್ದೆಂದು ಇಗರ್ಜಿಯವರಿಗೆಲ್ಲ ತೋರಿಸಿದ್ದೇನಲ್ಲ ನಾನು!" ಎಂದಳು ಅವಳು. ಆಮೇಲೆ, "ಅವರು ಊರಿಗೆ ಹೋಗುವ ಮೊದಲು ಹೋಗಿ ಹೇಳಿ ಬನ್ನಿ," ಎಂದಳು.

ಬೆಳಿಗ್ಗೆ ಆನ್ಸೆಲ್ಮರಿಗೂ ಹೇಳಿದ. "ಖಲಾಸ್ ಮಾರಾಯ, ಈಗ ಯಾರು ಕೇಳ್ತಾರೆ?" ಎಂದರು ಅವರು. ಆದರೆ ಮುಖ ನೋಡಲಿಲ್ಲ.

ಹೋಟೆಲಿನಲ್ಲಿ ತರೊಲ್ ಅವನನ್ನು ಕೂರಿಸಿ ಕಾಫಿ ತರಿಸಿದರು. ಅವನ ತೊದಲು ಇಂಗ್ಲಿಷನ್ನು ಕೊನೆಯವರೆಗೂ ಕೇಳಿದರು.

"ನಕಲು ನಾನೂ ಮಾಡಿದ್ದೇನೆ, ಕಲಿಯುವಾಗ. ಅದಲ್ಲ ನನಗೆ ನೋವಾದದ್ದು. ಅವಳನ್ನು ಯಾರೂ ಅಲ್ಲ ಅಂದಿರಲ್ಲ."

ರುಡೊಲ್ಫ್ ಎದ್ದು ಕೈಮುಗಿದ. ಹೊರಬಂದವನು ಬಸ್ಸು ಹತ್ತದೆ ಬಿಸಿಲಲ್ಲೇ ಮನೆಯವರೆಗೆ ನಡೆದ.

"ಏನಂದರು?" ಅನ್ನ ಬಡಿಸುತ್ತ ವೆಲಿಟಾ ಕೇಳಿದಳು.

"ಕಾಫಿ ಕೊಟ್ಟರು," ಎಂದು ಅವನು ತಟ್ಟೆ ಹತ್ತಿರಕ್ಕೆಳೆದುಕೊಂಡ.