ಬುರ್ಲಿ ಹಕ್ಕಿಗಳ ಸಾಕ್ಷಿ

ನೀರಿಲ್ಲದ ಕುರುಚಲು ನೆಲವೇ ಬುರ್ಲಿ ಹಕ್ಕಿಗೆ ಇಷ್ಟ. ಮೈಬಣ್ಣ ಮಣ್ಣಿನದೇ, ತುಳಿಯುವ ತನಕ ಕದಲುವುದಿಲ್ಲ. ಅದರ ಫೋಟೊ ತೆಗೆಯಲು ಗೌರಿಬಿದನೂರಿನ ಆಚೆ ಬೆಳಗ್ಗೆಯೇ ಹೋಗಿ ಪೊದೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತಿದ್ದೆ. ಯಾರೋ ಸೀಟಿ ಊದಿದರು. ತಿರುಗಿದರೆ, ಬಯಲಿಗೆ ಹೋಗುವವರನ್ನು ತಡೆಯಲು ಪಂಚಾಯಿತಿಯವರು ಕಾವಲಿಗೆ ಹಾಕಿದ್ದ ಹೆಂಗಸು.

“ಮನೇಲಿ ಕಕ್ಕಸಿಲ್ವಾ ಸಾರ್?”

“ಹಕ್ಕಿ ನೋಡ್ತಿದ್ದೆ ಕಣಮ್ಮ.”

“ನಿನ್ನೆ ಸಿಕ್ಕಿದೋರು ಮೋಡ ನೋಡ್ತಿದ್ರಂತೆ.”

ಕ್ಯಾಮೆರಾ ತೋರಿಸೋಣವೆಂದು ಎದ್ದು ಹೆಜ್ಜೆ ಇಟ್ಟೆ. ಅಷ್ಟು ಹೊತ್ತೂ ನನ್ನ ಕಾಲಬುಡದಲ್ಲೇ ಅಡಗಿ ಕೂತಿದ್ದ ಏಳೆಂಟು ಬುರ್ಲಿಗಳು ಬುರ್ರೆಂದು ಹಾರಿಹೋದವು.

“ನೋಡಮ್ಮ, ಇವೇ” ಎಂದೆ, ಕೇಸು ಗೆದ್ದವನಂತೆ.

ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಪಾಪ, ಅವಾದ್ರೂ ಎಷ್ಟು ಹೊತ್ತು ತಡ್ಕೊಂಡಾವು.”